ಎರಡನೇ ಚರಣದಲ್ಲಿ ನೀನೆಲ್ಲಿದ್ದೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಎರಡು ಸಲ ಉತ್ತರ ಬರೆಯಲು ಕೂತು ಎದ್ದುಬಿಟ್ಟೆ. ಪ್ರವಾಸಿ ಹಡಗಿನ ಕಿಟಕಿಯಿಲ್ಲದ ಕ್ಯಾಬಿನ್ನು, ಮೇಲಿನ ಮಂಚದ ಹುಡುಗಿಯ ಗೊರಕೆ, ಮೊದಲ ವಾರದ ತಲೆಸುತ್ತು, ಅದನ್ನೆಲ್ಲ ಓದುವಾಗ ನನ್ನ ಕಾಲವೇ ಕಣ್ಣ ಮುಂದೆ ಬಂತು. ಮೂರನೇ ಪುಟದ ಕೊನೆಗೆ ಬಂದಾಗ, ಬೇರೆ ಏನನ್ನೋ ಹೇಳುತ್ತಿದ್ದವಳು ನಡುವೆ ಹೀಗೆ ಬರೆದಿದ್ದೀಯ: "ಮೊನ್ನೆ ಎರಡನೇ ಶೋನಲ್ಲಿ ಹಾಡುವಾಗ ಮನಸ್ಸು ಎಲ್ಲಿಗೋ ಹೋಗಿತ್ತು ಮಾವ. ಎರಡನೇ ಚರಣ ಹಾಡಿದ್ದೇ ನೆನಪಿಲ್ಲ. ಚಪ್ಪಾಳೆ ಕೇಳಿ ಎಚ್ಚರವಾಯಿತು. ಒಂದು ಸ್ವರವೂ ತಪ್ಪಿರಲಿಲ್ಲವಂತೆ. ಯಾರಿಗೂ ಗೊತ್ತಾಗಲಿಲ್ಲ. ಅದೇ ಹೆದರಿಕೆ." ಅಷ್ಟು ಬರೆದು ಮುಂದಿನ ಸಾಲಿಗೇ ಬಂದರಿನ ಮಳೆಯ ಸುದ್ದಿಗೆ ಹೋಗಿದ್ದೀಯ. ನನಗೆ ಹೋಗಲಾಗಲಿಲ್ಲ. ಅಲ್ಲೇ ನಿಂತಿದ್ದೇನೆ.

ನೀನು ಹೊರಡುವ ಮುಂಚೆ ಮನೆಯಲ್ಲಿ ನಡೆದ ಮಾತುಗಳನ್ನು ಮತ್ತೆ ಎತ್ತುವುದಿಲ್ಲ. ಯಾರು ಏನಂದರು ಅನ್ನುವುದು ಇಬ್ಬರಿಗೂ ಗೊತ್ತು. ಈ ಒಂದು ಮಾತಿನ ಬಗ್ಗೆ ಬರೆಯುತ್ತೇನೆ, ಅಷ್ಟೇ.

ಹಡಗಿನಲ್ಲಿ ಹಾಡುವವರಿಗೆ, ಕುಣಿಯುವವರಿಗೆ, ಊದುವವರಿಗೆ, ಎಲ್ಲರಿಗೂ ಇದು ಆಗುತ್ತದೆ. ಲೆಕ್ಕ ಹಾಕು. ಏಳು ದಿನದ ಪ್ರಯಾಣ. ಒಂದು ಶೋ ಅಂದರೆ ಒಂದೇ ರಾತ್ರಿ ಎರಡು ಸಲ, ಬೇಗ ಉಂಡವರಿಗೊಮ್ಮೆ, ತಡವಾಗಿ ಉಣ್ಣುವವರಿಗೊಮ್ಮೆ. ವಾರ ತಿರುಗಿದ ಬೆಳಿಗ್ಗೆ ಸಾವಿರಗಟ್ಟಲೆ ಜನ ಪೆಟ್ಟಿಗೆ ಎಳೆದುಕೊಂಡು ಇಳಿಯುತ್ತಾರೆ, ಸಂಜೆಯೊಳಗೆ ಅಷ್ಟೇ ಜನ ಹತ್ತುತ್ತಾರೆ, ಮತ್ತೆ ಅದೇ ಶೋ. ಏಳು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಅದೇ ಹಾಡನ್ನು ಹತ್ತಿರ ಹತ್ತಿರ 60 ಸಲ ಹಾಡಿರುತ್ತೀಯ, ತಾಲೀಮಿನ ಲೆಕ್ಕ ಬಿಟ್ಟು. ಸಾಲದ್ದಕ್ಕೆ ರೆಕಾರ್ಡ್ ಆದ ಟ್ರ್ಯಾಕ್ ಇದೆ, ವಾದ್ಯದವರ ಕಿವಿಯಲ್ಲಿ ತಾಳ ಹೇಳುವ ಕ್ಲಿಕ್ ಸದ್ದು ಇದೆ. ಹಾಡುವವಳು ನಿಂತರೂ ಹಾಡು ನಿಲ್ಲುವುದಿಲ್ಲ. ಇಷ್ಟಾದ ಮೇಲೆ ಗಂಟಲು ತಾನೇ ದಾರಿ ಕಲಿಯುತ್ತದೆ. ಅದು ಕಲಿಯಲೇಬೇಕು. ನೆಲ ವಾಲಿದ ರಾತ್ರಿ ಮನಸ್ಸೆಲ್ಲ ಕಾಲಿನ ಮೇಲಿರುವಾಗ ಹಾಡನ್ನು ಕಾಯುವುದು ಆ ಗಂಟಲೇ.

ಓಷಿಯಾನೋಸ್ ಎಂಬ ಹಡಗಿನ ಹೆಸರು ಕೇಳಿದ್ದೀಯಾ? 1991ರ ಆಗಸ್ಟ್ ತಿಂಗಳು. ನಾನು ಆಗ ಬೇರೊಂದು ಹಡಗಿನಲ್ಲಿದ್ದೆ. ನಮ್ಮ ಸಿಬ್ಬಂದಿ ಬಾರಿನಲ್ಲಿ ವಾರಗಟ್ಟಲೆ ಅದೇ ಮಾತು. ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನಿಂದ ಡರ್ಬನ್ ಕಡೆಗೆ ಹೊರಟ ಹಡಗಿಗೆ ಬಿರುಗಾಳಿಯಲ್ಲಿ ನೀರು ನುಗ್ಗಿತು, ವಿದ್ಯುತ್ ಹೋಯಿತು. ಲೌಂಜಿನಲ್ಲಿ ಸೇರಿದ್ದ ಜನ ಗಾಬರಿಯಾಗದಂತೆ ಹಾಡಿಕೊಂಡು, ಮಾತಾಡಿಸಿಕೊಂಡು ಕೂರಿಸಿದವರು ಕಲಾವಿದರು. ಗಿಟಾರ್ ನುಡಿಸುತ್ತಿದ್ದ ಮಾಸ್ ಹಿಲ್ಸ್ ಕೆಳಗಿನ ಡೆಕ್ಕಿಗೆ ಹೋಗಿ ನೀರು ಏರುತ್ತಿರುವುದನ್ನು ತಾನೇ ಕಂಡು ಬಂದ. ಜನರನ್ನು ದೋಣಿ ಹತ್ತಿಸಲು ಅವನೂ ಅವನ ಹೆಂಡತಿ ಟ್ರೇಸಿಯೂ ಜೊತೆಯ ಕಲಾವಿದರೂ ನಿಂತರು, ರೇಡಿಯೋದಲ್ಲಿ ಸಹಾಯಕ್ಕೆ ಕೂಗಿದರು. ಪ್ರಯಾಣಿಕರು ಇನ್ನೂ ಇರುವಾಗಲೇ ಕ್ಯಾಪ್ಟನ್ ಹೆಲಿಕಾಪ್ಟರ್ ಹತ್ತಿ ಹೋಗಿದ್ದರು. ಮರುದಿನ ಮಧ್ಯಾಹ್ನ ಹಡಗು ಮುಳುಗಿತು. ಹಡಗಿನಲ್ಲಿದ್ದ 571 ಜನರೂ ಉಳಿದರು. ಕತ್ತಲ ಲೌಂಜಿನಲ್ಲಿ ಆ ಮನುಷ್ಯ ಹಾಡುತ್ತಿದ್ದಾಗ ಅವನ ಮನಸ್ಸು ಹಾಡಿನಲ್ಲಿತ್ತು ಅಂತೀಯಾ? ಬೆರಳು ತಂತಿಯ ಮೇಲೆ, ಕಿವಿಯೆಲ್ಲ ಕೆಳಗಿನ ಡೆಕ್ಕಿನ ಮೇಲೆ ಇದ್ದಿರಬೇಕು. ಎದುರು ಕೂತವರಿಗೆ ಅದು ಗೊತ್ತಾಗದೆ ಇದ್ದದ್ದೇ ಅವರ ಪುಣ್ಯ.

ಇದನ್ನು ಬರೆದ ಮೇಲೆ ನನಗೇ ಸಮಾಧಾನವಾಗಲಿಲ್ಲ ಪುಟ್ಟಿ. ಮೊನ್ನೆ ನಿನ್ನ ಹಡಗಿಗೆ ನೀರು ನುಗ್ಗಿರಲಿಲ್ಲ. ಮನಸ್ಸು ಅಲೆಯಿತು ಅಂತ ನೀನು ಹೆದರಿದ್ದರೆ ಈ ಕಥೆ ಸಾಕಿತ್ತು. ನೀನು ಹೆದರಿರುವುದು ಯಾರಿಗೂ ಗೊತ್ತಾಗಲಿಲ್ಲ ಅನ್ನುವುದಕ್ಕೆ. ನೀನಿಲ್ಲದೆಯೂ ಎಲ್ಲ ಸರಿಯಾಗಿಯೇ ನಡೆಯಿತು ಅನ್ನುವುದಕ್ಕೆ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ಬಹಳ ವರ್ಷ ಅದನ್ನು ನಾನು ಹೆಮ್ಮೆ ಅಂದುಕೊಂಡಿದ್ದೆ.

ನನ್ನಮ್ಮ ತೀರಿಹೋದಾಗ ನಾನು ಯಾಕೆ ಬರಲಿಲ್ಲ ಅನ್ನುವ ಕಥೆ ನಿನಗೆ ಗೊತ್ತು, ನಿನ್ನಮ್ಮ ಹೇಳಿರುತ್ತಾಳೆ. ಅದರಲ್ಲಿ ಯಾರಿಗೂ ಹೇಳದ ಭಾಗ ಒಂದಿದೆ. ಸುದ್ದಿ ಮಧ್ಯಾಹ್ನ ಬಂತು. ದಡ ಎರಡು ದಿನ ದೂರವಿತ್ತು. ಸಂಜೆ ಎರಡು ಶೋ. ವೇದಿಕೆಯ ಹಿಂದೆ ಸ್ಯಾಕ್ಸೊಫೋನಿನ ರೀಡ್, ಅಂದರೆ ಊದುವ ತುದಿಯ ಬೆತ್ತದ ಪಟ್ಟಿ, ಒದ್ದೆ ಮಾಡಿಕೊಳ್ಳೋಣವೆಂದರೆ ಬಾಯಿ ಒಣಗಿತ್ತು. ಲೋಟದ ನೀರಿನಲ್ಲಿ ಅದ್ದಿದೆ. ರೀಡನ್ನು ಮೌತ್‌ಪೀಸಿನ ಮೇಲೆ ಕೂರಿಸಿ, ಕೂದಲೆಳೆಯಷ್ಟು ಕೆಳಗೆ ಸರಿಸಿ, ತಿರುಪು ಎರಡನ್ನೂ ಬಿಗಿದೆ. ಕೈ ನಡುಗಲಿಲ್ಲ. ಆ ನಡುಗದ ಕೈ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎರಡನೇ ಶೋನಲ್ಲಿ ನನಗೊಂದು ಹದಿನಾರು ಬಾರಿನ, ಅಂದರೆ ತಾಳದ ಹದಿನಾರು ಸುತ್ತಿನ, ಸೋಲೋ. ಎದ್ದು ನಿಂತೆ, ಬೆಳಕು ಬಿತ್ತು, ಊದಿದೆ. ಊದುತ್ತಾ ನಾನು ಯೋಚಿಸುತ್ತಿದ್ದದ್ದು ಅಮ್ಮನ ಕನ್ನಡಕ. ಅದರ ಒಂದು ಕಾಲು ಮುರಿದಿತ್ತು, ಕಪ್ಪು ದಾರ ಸುತ್ತಿಕೊಂಡು ಹಾಕಿಕೊಳ್ಳುತ್ತಿದ್ದಳು. ಈ ಸಲ ಬಂದಾಗ ಹೊಸದು ಮಾಡಿಸಿಕೊಡುತ್ತೇನೆ ಅಂದಿದ್ದೆ. ದಾರ ಎಷ್ಟು ಸುತ್ತು ಇತ್ತು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಹದಿನಾರು ಬಾರು ಮುಗಿದದ್ದು ಚಪ್ಪಾಳೆಯಿಂದ ಗೊತ್ತಾಯಿತು, ನಿನ್ನ ಹಾಗೇ.

ಬ್ಯಾಂಡಿನ ಮುಖ್ಯಸ್ಥ ಬಂದು, ಈ ತಿಂಗಳಲ್ಲೇ ಒಳ್ಳೆಯ ಸೋಲೋ ಅಂದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ನನಗೆ ಖುಷಿಯಾಯಿತು ಪುಟ್ಟಿ. ಅಮ್ಮ ಹೋದ ದಿನ ನನಗೆ ಖುಷಿಯಾಯಿತು.

ರಜೆ ಸಿಗಲಿಲ್ಲ, ಅದಕ್ಕೇ ಬರಲಾಗಲಿಲ್ಲ ಅಂತ ನೀವೆಲ್ಲ ತಿಳಿದಿದ್ದೀರಿ. ಕೇಳಿದ್ದರೆ ಸಿಗುತ್ತಿತ್ತೋ ಏನೋ. ನಾನು ಕೇಳಲೇ ಇಲ್ಲ. ಎರಡು ದಿನಕ್ಕೆ ದಡ ಬಂತು. ಗ್ಯಾಂಗ್‌ವೇ ಇಳಿದು ಫೋನ್ ಬೂತಿನಲ್ಲಿ ನಿನ್ನಮ್ಮನ ಹತ್ತಿರ ಮಾತಾಡಿದೆ. ಎಲ್ಲ ಮಾತೂ ಸರಿಯಾಗಿಯೇ ಆಡಿದೆ, ಸೋಲೋ ಊದಿದ ಹಾಗೆ. ಅವಳಿಗೂ ಗೊತ್ತಾಗಲಿಲ್ಲ. ವಾಪಸು ಹತ್ತಿ ಬಂದು ಮತ್ತೆ ನಾಲ್ಕು ತಿಂಗಳಿಗೆ ಸಹಿ ಹಾಕಿದೆ.

ಈ ಪತ್ರವನ್ನು ಅವಳಿಗೆ ತೋರಿಸಬೇಕೋ ಬೇಡವೋ ನಿನಗೆ ಬಿಟ್ಟದ್ದು. ನಾನೇ ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಿನ್ನ ಸಾಲಿಗೇ ಬರುತ್ತೇನೆ. ಯಾರಿಗೂ ಗೊತ್ತಾಗಲಿಲ್ಲ ಅಂದೆಯಲ್ಲ, ನನಗೂ ಹಾಗೇ ಅನ್ನಿಸಿತ್ತು. ಆದರೆ ಒಬ್ಬನಿಗೆ ಗೊತ್ತಾಗಿತ್ತು. ನಮ್ಮ ಉಡುಪುಗಳಿಗೆ ಇಸ್ತ್ರಿ ಮಾಡುತ್ತಿದ್ದ ಲಾಂಡ್ರಿಯವನು. ತನ್ನ ಪಾಳಿ ಮುಗಿದ ಮೇಲೆ ರಾತ್ರಿ ಎರಡನೇ ಶೋಗೆ ಬಂದು ವೇದಿಕೆಯ ಪಕ್ಕದ ಕತ್ತಲಲ್ಲಿ, ಹ್ಯಾಂಗರುಗಳ ಸಾಲಿನ ಹಿಂದೆ ನಿಲ್ಲುತ್ತಿದ್ದ. ಸಭಾಂಗಣದಲ್ಲಿ ಕೂರುವ ಹಕ್ಕು ಅವನಿಗಿರಲಿಲ್ಲ. ನಮಗಿತ್ತು, ನಿನಗೂ ಇರುತ್ತದೆ. ಎದೆಯ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡು ಪ್ರಯಾಣಿಕರ ಡೆಕ್ಕಿನಲ್ಲಿ ಓಡಾಡಬಹುದು. ಅವನಂಥವರು ಹಾಗೆ ಕಾಲಿಡುವಂತಿರಲಿಲ್ಲ. ಮರುದಿನ ಸಿಬ್ಬಂದಿ ಮೆಸ್ಸಿನಲ್ಲಿ ತಟ್ಟೆ ಹಿಡಿದು ನನ್ನೆದುರು ಕೂತ. ತನ್ನ ಅರೆಬರೆ ಇಂಗ್ಲಿಷಿನಲ್ಲಿ, "ನಿನ್ನೆ ನೀನು ಇರಲಿಲ್ಲ" ಅಂದ. ಅಷ್ಟೇ. ಅದರಲ್ಲಿ ದೂರು ಇರಲಿಲ್ಲ, ಕೇಳುವ ಹಾಗೆ ಅಂದ.

ನನಗೆ ಸಿಟ್ಟು ಬಂತು. ಎದ್ದು ಹೋದೆ. ಆಮೇಲೆ ಅವನು ಕೂತ ಕಡೆ ಕೂರುತ್ತಿರಲಿಲ್ಲ. ಕೆಳಗಿನ ಉದ್ದ ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ನೋಟೀಸು ಓದುವವನ ಹಾಗೆ ತಿರುಗಿಬಿಡುತ್ತಿದ್ದೆ. ಒಂದು ತಿಂಗಳಿಗೆ ಅವನ ಕರಾರು ಮುಗಿಯಿತು, ಇಳಿದುಹೋದ. ಹೆಸರು ಕೂಡ ಪೂರ್ತಿ ತಿಳಿದುಕೊಂಡಿರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಸಾವಿರ ಜನ ನನಗೆ ಚಪ್ಪಾಳೆ ತಟ್ಟಿದ್ದಾರೆ, ಒಂದು ಮುಖವೂ ನೆನಪಿಲ್ಲ. ಅವನ ಮುಖ ಇದೆ.

ಅಂಥವನೊಬ್ಬ ನಿನ್ನ ಹಡಗಿನಲ್ಲೂ ಇರುತ್ತಾನೆ, ಅಥವಾ ಇರುತ್ತಾಳೆ. ಮೇಲಿನ ಮಂಚದ ಹುಡುಗಿಯೇ ಇರಬಹುದು. ಪ್ರತಿ ಹೊತ್ತೂ ಕಲಾವಿದರ ಮೇಜಿಗೇ ಹೋಗಬೇಡ, ಮೆಸ್ಸಿನಲ್ಲಿ ಜಾಗವಿದ್ದಲ್ಲಿ ಕೂರು. ಹಾಗೊಬ್ಬರು ಬಂದು ಏನಾದರೂ ಅಂದರೆ ಏಳಬೇಡ.

ಇನ್ನೊಂದೆರಡು ಮಾತು ಹೇಳಲೇ? ಉಪದೇಶ ಅನ್ನಿಸಿದರೆ ಬಿಟ್ಟುಬಿಡು. ಎಷ್ಟೋ ಸಲ ಇದು ಬರೀ ನಿದ್ದೆಗೇಡು. ರಾತ್ರಿ ಬಣ್ಣ ತೆಗೆದು ಮಲಗುವ ಹೊತ್ತಿಗೆ ಒಂದು ಗಂಟೆ, ಬೆಳಿಗ್ಗೆ ಅಪಾಯದಲ್ಲಿ ದೋಣಿ ಹತ್ತುವ ತಾಲೀಮಿನ ಬೋಟ್ ಡ್ರಿಲ್, ನಡುವೆ ಹಡಗು ಪೂರ್ವಕ್ಕೆ ಸಾಗಿದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ. ಕಡಲ ಕೆಲಸಗಾರರ ಅಂತರರಾಷ್ಟ್ರೀಯ ಒಪ್ಪಂದ 2006ರಲ್ಲಿ ಆಗಿ 2013ರಲ್ಲಿ ಜಾರಿಗೆ ಬಂತು, ನಾನು ಬಿಟ್ಟು ಬಂದು ಬಹಳ ವರ್ಷದ ಮೇಲೆ. ಅದರಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ, ಏಳು ದಿನಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಎಂಬ ಮಿತಿ ಇದೆ. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಒಂದು ತುಂಡು 6 ಗಂಟೆಯಾದರೂ ಇರಬೇಕು. ನಿನ್ನ ವಿಶ್ರಾಂತಿಯ ಗಂಟೆ ಬರೆದಿಡುವ ಹಾಳೆಗೆ ನಿನ್ನ ಸಹಿ ಬೇಕು, ಅದರ ಒಂದು ಪ್ರತಿಯನ್ನು ನಿನಗೂ ಕೊಡಬೇಕು. ಓದದೆ ಸಹಿ ಹಾಕಬೇಡ. ಕರಾರಿನಲ್ಲಿ ತುರ್ತು ರಜೆಯ ಬಗ್ಗೆ ಏನು ಬರೆದಿದೆ ಅಂತಲೂ ಈಗಲೇ ಓದಿಟ್ಟುಕೋ. ಬೇಕಾದ ದಿನ ಓದುವ ಸ್ಥಿತಿ ಇರುವುದಿಲ್ಲ. ಎರಡು ಕರಾರಿನ ನಡುವೆ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ ಅನ್ನುವುದನ್ನು ನಿನ್ನಮ್ಮ ಹೇಳಿಯೇ ಇರುತ್ತಾಳೆ.

ಹಾಡಿನ ಬಗ್ಗೆ ನಾನು ಹೇಳುವುದು ತಪ್ಪಾಗಬಹುದು, ನಾನು ಊದುವವನು. ನಿಮ್ಮ ಥಿಯೇಟರೂ ಹಡಗಿನ ಮುಂಭಾಗದಲ್ಲೇ ಇದ್ದರೆ ಅಲೆ ಅಲ್ಲಿ ಹೆಚ್ಚು ತಿಳಿಯುತ್ತದೆ. ಹಾಡು ಅದೇ, ಟ್ರ್ಯಾಕ್ ಅದೇ, ಬೆಳಕೂ ಅದೇ. ನೆಲ ಮಾತ್ರ ಪ್ರತಿ ರಾತ್ರಿ ಬೇರೆ. ಕೊನೆಕೊನೆಗೆ ನಾನು ಸೋಲೋಗೆ ಎದ್ದಾಗ ಮೊದಲು ಅಂಗಾಲಿಗೆ ಗಮನ ಕೊಡುತ್ತಿದ್ದೆ. ಇವತ್ತು ಯಾವ ಕಡೆಗೆ ಎತ್ತುತ್ತಿದೆ, ಎಷ್ಟು ಹೊತ್ತಿಗೆ ಇಳಿಸುತ್ತಿದೆ, ಎಂಜಿನ್ನಿನ ಗುಂಯ್‌ಗುಡುವಿಕೆ ಬೂಟಿನ ತಳದಲ್ಲಿ ಎಷ್ಟಿದೆ. ಅಷ್ಟರಲ್ಲಿ ನಾನು ಬಂದಿರುತ್ತಿದ್ದೆ. ಪ್ರತಿ ಸಲ ಅಲ್ಲ. ಎರಡನೇ ಚರಣಕ್ಕೆ ಮುಂಚೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಮ್ಮೆ ಮಾಡಿ ನೋಡು.

ಮತ್ತೆ ಆಗುತ್ತದೆ, ಆದರೂ ಹೆದರಬೇಡ ಅಂತ ಬರೆಯಲು ಹೊರಟಿದ್ದೆ. ಬೇಡ, ಸ್ವಲ್ಪ ಹೆದರಿಕೆ ಇರಲಿ. ನನ್ನದು ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ನಿನ್ನದು ಇನ್ನೂ ಇದೆ, ಅದಕ್ಕೇ ಮೂರನೇ ಪುಟದಲ್ಲಿ ಆ ಸಾಲು ಬಂತು.

ಮನಸ್ಸು ಎಲ್ಲಿಗೋ ಹೋಗಿತ್ತು ಅಂತ ಬರೆದೆ, ಎಲ್ಲಿಗೆ ಅಂತ ಬರೆಯಲಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆ. ಒಣಗಲು ಹಾಕಿದ ಬಟ್ಟೆಯ ಯೋಚನೆಯೇ ಆಗಿದ್ದರೂ ಸರಿ. ಎರಡನೇ ಚರಣದಲ್ಲಿ ನೀನು ಎಲ್ಲಿದ್ದೆ ಪುಟ್ಟಿ? ನಾನು ಕೇಳುತ್ತಿದ್ದೇನೆ.

ಇಂತಿ,
ನಿನ್ನ ಮಾವ