ಮೀನಿನ ಮೇವನ್ನೂ ಪರೀಕ್ಷಿಸಿ

ಮಾನ್ಯರೇ,

ಸಾಕಣೆ ಕೊಳದಲ್ಲಿ ಮೀನು ಸೊರಗಿದರೆ ಮೊದಲು ನೀರನ್ನೂ ಆಮೇಲೆ ರೋಗಾಣುವನ್ನೂ ಅನುಮಾನಿಸುತ್ತೇವೆ. ಮೇವಿನ ಚೀಲದೊಳಗೆ ಕೈಹಾಕಿ ನೋಡುವವರು ಕಡಿಮೆ. ನಾನೂ ಹಾಗೆಯೇ ಮಾಡಿದೆ. ತೂಕ ಏರದೆ, ಕಿವಿರು ಬಿಳಿಚಿಕೊಂಡಿದ್ದ ಮೀನುಗಳಿಗೆ ವಾರಗಟ್ಟಲೆ ಔಷಧಿ ಕೊಟ್ಟು, ನೀರು ಬದಲಿಸಿ, ಯಾವ ಫಲವೂ ಕಾಣದೆ ಕೊನೆಗೆ ಒಂದನ್ನು ಸೀಳಿ ನೋಡಿದಾಗ, ಕಂದುಗೆಂಪಾಗಿರಬೇಕಿದ್ದ ಪಿತ್ತಜನಕಾಂಗ ಮಾಸಲು ಹಳದಿಯಾಗಿತ್ತು. ಗೋಡೆಗೆ ಒತ್ತಿ ಪೇರಿಸಿದ್ದ ಚೀಲಗಳ ತಳದಲ್ಲಿ ಮೇವು ಹೆಂಟೆಗಟ್ಟಿ ಮುಗ್ಗಲು ವಾಸನೆ ಬರುತ್ತಿತ್ತು. ಪ್ರಯೋಗಾಲಯಕ್ಕೆ ಕಳುಹಿಸಿದ ಮಾದರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇತ್ತು.

ಇದು ಹೊಸದಾಗಿ ಬಂದ ಪಿಡುಗಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದಿದ್ದ ಕಡಲೆಕಾಯಿ ಹಿಂಡಿಯ ಬೆನ್ನುಹತ್ತಿದ ವಿಜ್ಞಾನಿಗಳು ಈ ವಿಷವನ್ನು ಗುರುತಿಸಿದರು. ಅದೇ ಸುಮಾರಿಗೆ ಅಮೆರಿಕದ ಮೀನುಮರಿ ಕೇಂದ್ರಗಳ ರೈನ್‌ಬೋ ಟ್ರೌಟ್‌ಗಳಲ್ಲಿ ಕಾಣಿಸಿಕೊಂಡ ಪಿತ್ತಜನಕಾಂಗದ ಕ್ಯಾನ್ಸರಿಗೂ ಹತ್ತಿಬೀಜದ ಹಿಂಡಿಯಲ್ಲಿದ್ದ ಇದೇ ವಿಷ ಕಾರಣವೆಂದು ಮುಂದೆ ತಿಳಿಯಿತು. ಕಿಲೋ ಮೇವಿಗೆ ಒಂದು ಮೈಕ್ರೋಗ್ರಾಮಿನ ಆಸುಪಾಸಿನಷ್ಟು ವಿಷವೂ ತಿಂಗಳುಗಟ್ಟಲೆ ಹೊಟ್ಟೆ ಸೇರಿದರೆ ಟ್ರೌಟ್‌ಗೆ ಗಡ್ಡೆ ಬರಬಲ್ಲದು. ಚಾನೆಲ್ ಕ್ಯಾಟ್‌ಫಿಶ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತಾಳಿಕೊಳ್ಳುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಕ್ಯಾನ್ಸರಲ್ಲ. ಈ ವಿಷ ಮೀನಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ, ಬೇರೆ ಹೊತ್ತಿನಲ್ಲಿ ಏನೂ ಮಾಡಲಾಗದ ಬ್ಯಾಕ್ಟೀರಿಯಾ ಆಗ ಮೇಲುಗೈ ಪಡೆಯುತ್ತದೆ. ಪರೀಕ್ಷಿಸಿದವರಿಗೆ ಆ ಬ್ಯಾಕ್ಟೀರಿಯಾವೇ ಸಿಗುತ್ತದೆ, ಆ್ಯಂಟಿಬಯೋಟಿಕ್ ಬರೆದುಕೊಡುತ್ತಾರೆ, ಸಾಕಣೆದಾರ ಒಂದು ಕಡೆ ಔಷಧಿ ಸುರಿಯುತ್ತ ಇನ್ನೊಂದು ಕಡೆ ಅದೇ ಚೀಲದ ಮೇವನ್ನು ಎರಚುತ್ತಲೇ ಇರುತ್ತಾನೆ.

ಬೂಷ್ಟು ಹಿಡಿದ ಮೇವನ್ನು ಬಿಸಿಲಿಗೆ ಹರಡಿ ಒಣಗಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ತಪ್ಪು. ಒಣಗಿದರೆ ಬೂಷ್ಟಿನ ಬೆಳವಣಿಗೆ ನಿಲ್ಲಬಹುದು, ಆಗಲೇ ಸೇರಿದ ವಿಷ ಅಷ್ಟರಿಂದ ಹೋಗದು. ಮೇವಿನ ಗುಳಿಗೆ ತಯಾರಿಸುವಾಗಿನ ಶಾಖಕ್ಕೂ ಅದು ಪೂರ್ತಿ ನಾಶವಾಗುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದ ಮೇವಿನಲ್ಲಿಯೂ ಬೂಷ್ಟಿನ ವಿಷಗಳು ಇರಬಹುದು. ಉದಾಹರಣೆಗೆ, ಫ್ಯುಸೇರಿಯಮ್ ಜಾತಿಯ ಶಿಲೀಂಧ್ರಗಳು ಜೋಳ, ಗೋಧಿಗಳು ಹೊಲದಲ್ಲಿರುವಾಗಲೇ ಅಫ್ಲಾಟಾಕ್ಸಿನ್ ಅಲ್ಲದ ತಮ್ಮದೇ ಬೇರೆ ವಿಷಗಳನ್ನು ಸೇರಿಸಿರಬಹುದು. ದುಬಾರಿಯಾದ ಮೀನುಪುಡಿಯ ಬದಲು ಹಿಂಡಿ, ಧಾನ್ಯಗಳ ಪಾಲು ಮೇವಿನಲ್ಲಿ ಹೆಚ್ಚಿದಷ್ಟೂ ಈ ಅಪಾಯವೂ ಹೆಚ್ಚುತ್ತದೆ.

ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡುವುದು ನಮ್ಮ ಹೊಣೆ. ಅದರಲ್ಲಿ ನಾನು ತಪ್ಪಿದ್ದೇನೆ. ಆದರೆ ತಯಾರಕರು ಪ್ರತಿ ಬ್ಯಾಚಿನ ಮೇವಿನ ತೇವಾಂಶವನ್ನೂ ಅಫ್ಲಾಟಾಕ್ಸಿನ್ ಪ್ರಮಾಣವನ್ನೂ ಚೀಲದ ಮೇಲೆ ಮುದ್ರಿಸಬೇಕು. ಮೀನು ಸತ್ತಾಗ ನೀರಿನ ಜೊತೆಗೆ ಮೇವಿನ ಮಾದರಿಯನ್ನೂ ಮೀನುಗಾರಿಕೆ ಇಲಾಖೆಗಳು ಕೇಳಿ ಪಡೆಯಬೇಕು. ವಿಷ ಚೀಲದುದ್ದಕ್ಕೂ ಸಮನಾಗಿ ಹರಡಿರುವುದಿಲ್ಲವಾದ್ದರಿಂದ, ಆ ಮಾದರಿ ಮೇಲಿನ ಒಂದು ಹಿಡಿಯಾಗಿರದೆ, ಹಲವು ಚೀಲಗಳ ತಳ, ನಡು, ಅಂಚುಗಳಿಂದ ತೆಗೆದು ಬೆರೆಸಿದ್ದಾಗಿರಬೇಕು.

ಇತಿ,
ಒಬ್ಬ ಮೀನು ಸಾಕಣೆದಾರ