ಮಗಳಿಗೊಂದು ಪತ್ರ: ಇಡುಗಂಟಿನ ಲೆಕ್ಕ ತೋರಿಸುವ ಮುನ್ನ

ಪ್ರೀತಿಯ ಮಗಳೇ,

ನಿವೃತ್ತಿಯ ಲೆಕ್ಕಕ್ಕೆ ಹಣಕಾಸು ಸಲಹೆಗಾರರೊಬ್ಬರನ್ನು ಕಾಣಬೇಕು ಎಂದೆಯಲ್ಲ, ಖಂಡಿತ ಹೋಗು. ಆದರೆ ಕೂತ ಕೂಡಲೇ "ದುಡ್ಡು ಎಲ್ಲಿ ಹಾಕಲಿ?" ಅಂತ ಶುರುಮಾಡಬೇಡ. ಮೊದಲು ಕೇಳಬೇಕಾದದ್ದು: "ನಿಮ್ಮ ಸಂಪಾದನೆ ನನ್ನ ಶುಲ್ಕದಿಂದಲೋ, ಕಂಪನಿ ಕೊಡುವ ಕಮಿಷನ್‌ನಿಂದಲೋ?" ಕಮಿಷನ್ ಪಡೆಯುವವರೆಲ್ಲ ಮೋಸಗಾರರಲ್ಲ. ಆದರೂ ಹೆಚ್ಚು ಕಮಿಷನ್ ಇರುವ ಪಾಲಿಸಿಯ ಕಡೆಗೇ ಮಾತು ವಾಲುವ ಅಪಾಯ ಇದ್ದೇ ಇದೆ. ನಿನ್ನಿಂದ ಮಾತ್ರ ಶುಲ್ಕ ತೆಗೆದುಕೊಳ್ಳುವವರು ಸಿಕ್ಕರೆ ಅವರೇ ಮೇಲು. ಉತ್ತರವನ್ನು ಬರೆದುಕೊಡಲು ಹೇಳು. ನೋಂದಣಿ ಸಂಖ್ಯೆಯನ್ನು ನಿಯಂತ್ರಕ ಸಂಸ್ಥೆಯ ಪಟ್ಟಿಯಲ್ಲಿ ನೀನೇ ಹುಡುಕಿ ನೋಡು.

ವರ್ಷಕ್ಕೆ ಶೇ. 1 ಶುಲ್ಕ ಎಂದರೆ ಕಿವಿಗೆ ತೀರಾ ಸಣ್ಣದಾಗಿ ಕೇಳುತ್ತದೆ. ಶೇ. 8ರಂತೆ ಬೆಳೆದರೆ 100 ಎಂಬುದು 30 ವರ್ಷಕ್ಕೆ 1,006 ಆಗುತ್ತದೆ. ಶುಲ್ಕ ಕಳೆದು ಶೇ. 7ರಂತೆ ಬೆಳೆದರೆ 761 ಅಷ್ಟೇ. ಹೆಚ್ಚುಕಡಿಮೆ ಕಾಲುಭಾಗ ಕರಗಿತು. ಹಾಗಾಗಿ ಯಾವ ಯಾವ ಹೆಸರಿನಲ್ಲಿ ಎಷ್ಟು ಕಡಿತ, ಮಧ್ಯೆ ಬಿಟ್ಟರೆ ಎಷ್ಟು ದಂಡ, ಎಲ್ಲ ಕೇಳು.

ಹೋಗುವಾಗ ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲಗಳ ಬಡ್ಡಿದರ ಮತ್ತು ಉಳಿದ ಕಂತು, ವಿಮೆ, ಪಿಂಚಣಿ ಖಾತೆಯ ಕಾಗದಗಳನ್ನು ಒಯ್ಯಿ. ಖರ್ಚನ್ನು ಬಾಯಂದಾಜಿನಲ್ಲಿ ಹೇಳಬೇಡ. ವರ್ಷಕ್ಕೊಮ್ಮೆ ಬರುವ ವಿಮೆಯ ಕಂತು, ತೆರಿಗೆ, ಮನೆ ರಿಪೇರಿ ಅದರಲ್ಲಿ ಬಿಟ್ಟುಹೋಗುತ್ತವೆ.

ಯೋಜನೆ ಕೈಗೆ ಬಂದಾಗ ಕೊನೆಯ ಮೊತ್ತ ನೋಡಿ ಖುಷಿಪಡುವ ಮೊದಲು ಅದು ಯಾವ ಹಣದುಬ್ಬರ, ಎಷ್ಟು ಪ್ರತಿಫಲ, ಎಷ್ಟು ಆಯಸ್ಸು ಹಿಡಿದು ಬಂದದ್ದು ನೋಡು. ಹಣದುಬ್ಬರ ಶೇ. 6 ಇದ್ದರೆ 12 ವರ್ಷಕ್ಕೆ ಖರ್ಚು ಎರಡರಷ್ಟು, 24 ವರ್ಷಕ್ಕೆ ನಾಲ್ಕರಷ್ಟು. "ಪ್ರತಿಫಲ ಶೇ. 2 ಕಡಿಮೆ, ಆಯಸ್ಸು 95 ಅಂತ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ" ಎನ್ನು. ಮುಜುಗರ ಬೇಡ, ಅದು ಅವರ ಕೆಲಸವೇ.

"ಮೊದಲ ವರ್ಷ ಇಡುಗಂಟಿನ ಶೇ. 4 ತೆಗೆದು, ಆಮೇಲೆ ಆ ಮೊತ್ತವನ್ನು ಹಣದುಬ್ಬರದಷ್ಟು ಏರಿಸುತ್ತಾ ಹೋದರೆ ದುಡ್ಡು ಮುಗಿಯದು" ಎಂಬ ಮಾತು ಬಂದೇ ಬರುತ್ತದೆ. ಅದು 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಅಲ್ಲಿನ ಹಳೆಯ ಅಂಕಿಅಂಶ ಇಟ್ಟುಕೊಂಡು 30 ವರ್ಷಗಳ ಅವಧಿಗೆ ತೆಗೆದ ಲೆಕ್ಕ. ನಿನಗೂ ಅಷ್ಟೇ ಹೊಂದುತ್ತದೆ ಎನ್ನಲಾಗದು.

ನಿವೃತ್ತಿಯ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ ಪೆಟ್ಟು ದೊಡ್ಡದು. 100ರಲ್ಲಿ 5 ತೆಗೆದೆ, ಉಳಿದ 95 ಶೇ. 20ರಷ್ಟು ಬಿದ್ದು 76 ಆಯಿತು. ಮತ್ತೆ 100 ಮುಟ್ಟಲು ಶೇ. 32ರ ಹತ್ತಿರ ಏರಬೇಕು, ಅದೂ ನೀನು ಮುಂದೆ ಒಂದು ಕಾಸೂ ತೆಗೆಯದಿದ್ದರೆ. ಆ ವರ್ಷಗಳ ಖರ್ಚಿಗೆ ಷೇರು ಮಾರದೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳು. ಉತ್ತರ ತಡವರಿಸಿದರೆ ಬೇರೊಬ್ಬರನ್ನು ನೋಡು.

ಹಣ ಎಂದೂ ಸಲಹೆಗಾರರ ಖಾತೆಗೆ ಹೋಗಕೂಡದು. ಖಾಲಿ ಅರ್ಜಿಗೆ ಸಹಿ, ಪಾಸ್‌ವರ್ಡ್, ಓಟಿಪಿ ಯಾವುದೂ ಬೇಡ. "ಇವತ್ತೇ ಸಹಿ ಹಾಕಿ" ಎಂದು ಅವಸರಿಸಿದರೆ ಕಾಗದ ಎತ್ತಿಕೊಂಡು ಮನೆಗೆ ಬಾ. ಇಬ್ಬರೂ ಕೂತು ಸಾಲು ಸಾಲಾಗಿ ಓದೋಣ.

ನಿನ್ನ ಅಮ್ಮ