ಫ್ಯಾಂಟಮ್ ಬಟ್ಟೆ ನೀಲಿಯೋ ನೇರಳೆಯೋ?

ಎಲ್ಲರಿಗೂ ನಮಸ್ಕಾರ. ಈ ಸಂಚಿಕೆ ಒಂದು ವಾರ ತಡವಾಯಿತು, ಕ್ಷಮಿಸಿ. ರಜೆಗೆಂದು ಮಡಿಕೇರಿಗೆ ಹೋಗಿದ್ದೆ. ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಮಳೆ ನಿಮಗೆ ಗೊತ್ತೇ ಇದೆ, ಮೂರು ದಿನ ಕರೆಂಟಿಲ್ಲ. ಆ ಮೂರು ದಿನವೂ ಮನೆಯಲ್ಲಿ ನಡೆದದ್ದು ಒಂದೇ ಜಗಳ: ಕಾಡಿನಲ್ಲಿರುವ ಮುಖವಾಡದ ಕಾಮಿಕ್ಸ್ ವೀರ ಫ್ಯಾಂಟಮ್ ತೊಡುವ ಬಟ್ಟೆ ಯಾವ ಬಣ್ಣ? ಅದನ್ನು ನಿಮ್ಮ ಮುಂದಿಡದೆ ನನಗೆ ಸಮಾಧಾನವಿಲ್ಲ.

ಸ್ವೀಡನ್ನಿಂದ ಹೊರಡುವಾಗ ಮಗ ಬ್ಯಾಗಿನಲ್ಲಿ ನಾಲ್ಕು ‘ಫಾಂಟೋಮೆನ್’ ತುರುಕಿಕೊಂಡಿದ್ದ. 1950ರಿಂದ ಸ್ವೀಡನ್ನಿನಲ್ಲಿ ಬರುತ್ತಿರುವ ಫ್ಯಾಂಟಮ್ ಪತ್ರಿಕೆ, ನಮ್ಮ ಮಕ್ಕಳಿಗೆಲ್ಲ ಚಿರಪರಿಚಿತ. ಅದರಲ್ಲಿ ಫ್ಯಾಂಟಮ್ ಬಟ್ಟೆ ನೀಲಿ. ಪಕ್ಕದ ಮನೆಯ ಕೊಡವ ಅಜ್ಜ ಅದನ್ನು ನೋಡಿದ್ದೇ ತಡ, ಅಟ್ಟದಿಂದ ಟ್ರಂಕ್ ಇಳಿಸಿದರು. ಒಳಗೆ ಕನ್ನಡದ ಇಂದ್ರಜಾಲ ಕಾಮಿಕ್ಸ್! ಹಾಳೆಯ ಅಂಚೆಲ್ಲ ಹುಳ ತಿಂದಿದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಪುಸ್ತಕದ ಬೆನ್ನಿಗೆ ದಪ್ಪ ಸೂಜಿಯಿಂದ ಹೊಲಿಗೆ ಹಾಕಿದ್ದಾರೆ. ಅದರಲ್ಲಿ ಫ್ಯಾಂಟಮ್ ಅಚ್ಚ ನೇರಳೆ.

“ಅಜ್ಜ, ನಿಮ್ಮ ಪುಸ್ತಕದಲ್ಲಿ ಬಣ್ಣ ತಪ್ಪಾಗಿದೆ.”

“ತಪ್ಪು ನಿಮ್ಮ ದೇಶದವರದ್ದು ಮಗಾ. ಐವತ್ತು ವರ್ಷದಿಂದ ನೋಡ್ತಾ ಇದ್ದೇನೆ ನಾನು.”

ನಿಜ ಹೇಳಬೇಕೆಂದರೆ ಇಬ್ಬರ ಮಾತೂ ಸರಿ. ಅಮೆರಿಕದ ಲೇಖಕ ಲೀ ಫಾಕ್ 1936ರಲ್ಲಿ ಫ್ಯಾಂಟಮ್ ಶುರುಮಾಡಿದಾಗ ಅದು ದಿನಪತ್ರಿಕೆಯ ಕಪ್ಪು-ಬಿಳುಪು ಚಿತ್ರಕಥೆ. ಅವರ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣವಂತೆ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂತು, ಅದರಲ್ಲಿ ನೇರಳೆ ಅಚ್ಚಾಯಿತು. ಬೇರೆ ಕಡೆ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಸ್ವೀಡನ್ನಿನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ದಟ್ಟ ಕಾಡಿನಲ್ಲಿ ಅಡಗಿರುವವನಿಗೆ ಕೆಂಪು ಬಟ್ಟೆ!

ಆಗ ಬಾಯಿ ಹಾಕಿದವಳು ಮೈಸೂರಿನಲ್ಲಿ ಓದುವ ನನ್ನ ಅಕ್ಕನ ಮಗಳು. 1996ರ ಇಂಗ್ಲಿಷ್ ಸಿನಿಮಾದಲ್ಲೂ ನೇರಳೆಯೇ ಇದೆ ಎಂದು ಫೋನಿನಲ್ಲಿ ಫ್ಯಾಂಟಮ್ ಆಗಿ ನಟಿಸಿದ ಬಿಲ್ಲಿ ಝೇನ್ ಫೋಟೋ ತೋರಿಸಿದಳು. ಅಜ್ಜ ಗೆದ್ದರು ಅಂದುಕೊಂಡೆ. ಅವರು ಕನ್ನಡಕ ಏರಿಸಿ ಫೋಟೋ ನೋಡಿ, “ಪಟ್ಟೆ ಚಡ್ಡಿ ಎಲ್ಲಿ?” ಅಂದರು. ಕಾಮಿಕ್ಸಿನಲ್ಲಿ ಫ್ಯಾಂಟಮ್ ಬಟ್ಟೆಯ ಮೇಲೆ ತೊಡುವ ಆ ಚಡ್ಡಿಯನ್ನು ಸಿನಿಮಾದವರು ಕೈಬಿಟ್ಟಿದ್ದರು.

ಈ ವಿಷಯದಲ್ಲಿ ನಾನು ಪೂರ್ತಿ ಅಜ್ಜನ ಕಡೆ. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯನ್ನೂ 2013ರ ಸಿನಿಮಾದಲ್ಲಿ ಹೀಗೆಯೇ ತೆಗೆದಿದ್ದರು. 2025ರಲ್ಲಿ ನಿರ್ದೇಶಕ ಜೇಮ್ಸ್ ಗನ್ ಮತ್ತೆ ತಂದರು, ನನಗೆ ಎಷ್ಟು ಖುಷಿಯಾಯಿತು ಗೊತ್ತಾ! ಕಥೆ ತೆರೆಗೆ ಬರುವಾಗ ನೂರು ಬದಲಾಗಲಿ, ಬೇಡ ಅನ್ನುವುದಿಲ್ಲ. ಆದರೆ ದೊಡ್ಡವರು ನಕ್ಕಾರು ಎಂಬ ಅಂಜಿಕೆಯಿಂದ ಮಕ್ಕಳು ಇಷ್ಟಪಟ್ಟದ್ದನ್ನೇ ಅಳಿಸಿದರೆ ನನಗೆ ತುಂಬಾ ಬೇಜಾರು. ಚಡ್ಡಿ ಬಿಟ್ಟುಕೊಟ್ಟವರು ನಾಳೆ ಮುಖವಾಡವನ್ನೂ ಬಿಟ್ಟಾರು.

ಅಕ್ಕನ ಮಗಳು ಬಿಡುವವಳಲ್ಲ. “ಅಜ್ಜ, ನಿಮ್ಮ ಇಂದ್ರಜಾಲದವರೂ ಬದಲಾಯಿಸಿದ್ದಾರೆ” ಅಂದಳು. ಅದೂ ಹೌದು. 1964ರಲ್ಲಿ ಶುರುವಾದ ಇಂದ್ರಜಾಲ ಫ್ಯಾಂಟಮ್‌ನ ನಾಡಿಗಿದ್ದ, ಬಂಗಾಳವನ್ನು ನೆನಪಿಸುವ ಹೆಸರನ್ನು ಡೆಂಕಾಲಿ ಮಾಡಿತ್ತು. ಕಡಲ್ಗಳ್ಳರ ಸಿಂಗ್ ಪಡೆ ‘ಸಿಂಗ’ ಆಗಿತ್ತು. ನಮ್ಮ ಓದುಗರ ಮನಸ್ಸು ನೋಯದಿರಲಿ ಅಂತ ಇರಬೇಕು. ಅಜ್ಜ ಡೆಂಕಾಲಿಯನ್ನೇ ನಂಬಿಕೊಂಡು ಬಂದವರು. ಸ್ವಲ್ಪ ಹೊತ್ತು ಸುಮ್ಮನೆ ಮಳೆ ನೋಡುತ್ತಾ ಕೂತರು.

ಆಮೇಲೆ ಮಗನನ್ನು ಪಕ್ಕಕ್ಕೆ ಕರೆದರು. “ಊರಿನ ಹೆಸರು ಏನಾದ್ರೂ ಇರಲಿ ಮಗಾ. ಈಗಿನ ಫ್ಯಾಂಟಮ್ ಎಷ್ಟನೆಯವನು?”

“ಇಪ್ಪತ್ತೊಂದನೆಯವನು.”

“ಅವನ ಹಿರಿಯರೆಲ್ಲ ಎಲ್ಲಿದ್ದಾರೆ?”

“ತಲೆಬುರುಡೆ ಗುಹೆಯಲ್ಲಿ. ಅಲ್ಲೇ ಸಮಾಧಿ.”

“ನಮ್ಮ ಒಕ್ಕಕ್ಕೆ, ಅಂದ್ರೆ ಮನೆತನಕ್ಕೆ, ಕೈಮಡ ಅಂತ ಹಿರಿಯರ ಗುಡಿ ಇದೆಯಲ್ಲ, ಅಲ್ಲಿ ಕಾರಣವರಿಗೆ ದೀಪ ಇಡ್ತೇವಲ್ಲ, ಹಾಗೆಯೇ ಅದು. ಅಪ್ಪ ಕೊಟ್ಟ ಮಾತನ್ನು ಮಗ ನಡೆಸ್ತಾನೆ. ಅದನ್ನು ಮಾತ್ರ ಯಾರೂ ಮುಟ್ಟಬಾರದು.”

ಎಷ್ಟೋ ವರ್ಷದಿಂದ ಫ್ಯಾಂಟಮ್ ಓದಿದ್ದೇನೆ, ನನಗೆ ಒಮ್ಮೆಯೂ ಕೈಮಡ ನೆನಪಾಗಿರಲಿಲ್ಲ. ಮಗ ಆ ಸಂಜೆಯೇ ಛತ್ರಿ ಹಿಡಿದು ಅಜ್ಜನ ಜೊತೆ ಕೈಮಡ ನೋಡಲು ಹೋದ. ಬರುವಾಗ ಕಾಲಿಗೆ ಎರಡು ಜಿಗಣೆ ಅಂಟಿಸಿಕೊಂಡು ಬಂದ.

ನಿಮ್ಮ ಮನೆಯಲ್ಲಿ ಹಳೆಯ ಕನ್ನಡ ಇಂದ್ರಜಾಲ ಇದ್ದರೆ ದಯವಿಟ್ಟು ಎಸೆಯಬೇಡಿ. ಮುಂದಿನ ಕೂಟಕ್ಕೆ ತನ್ನಿ, ಮಕ್ಕಳು ಕೂತು ಓದಲಿ.

ಆಗಸ್ಟ್ 3, ಕಕ್ಕಡ ಹದಿನೆಂಟು. ಅಜ್ಜನ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಸೊಪ್ಪು ಕುದಿಸಿದ ನೀರು ಕಡು ನೇರಳೆಗೆ ತಿರುಗುವುದನ್ನು ಮಗ ಒಲೆಯ ಪಕ್ಕವೇ ನಿಂತು ನೋಡಿದ. ಅಕ್ಕಿ, ಬೆಲ್ಲ, ತೆಂಗಿನಹಾಲು ಬಿದ್ದ ಮೇಲೂ ಬಣ್ಣ ಹೋಗಲಿಲ್ಲ. ಎರಡು ಬಟ್ಟಲು ತಿಂದ.

“ಈಗ ಹೇಳು ಮಗಾ, ಫ್ಯಾಂಟಮ್ ಯಾವ ಬಣ್ಣ?” ಅಂದರು ಅಜ್ಜ.

ನೇರಳೆ ನಾಲಿಗೆ ಚಾಚಿಕೊಂಡೇ ಮಗ ಅಂದ, “ನೀಲಿ!”